ಗಡಿ ದಾಟಿದ ‘ಅಪರಿಚಿತ ವಾಹನ’

ಅಪಘಾತ ಮಾಡಿ ನಿಲ್ಲದೆ ಹೋದ ಚಾಲಕನಿಗೆ ಎಷ್ಟು ಶಿಕ್ಷೆ ಎಂದು ಯಾರನ್ನೇ ಕೇಳಿ, ಹತ್ತು ವರ್ಷ ಎನ್ನುವ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ಕೆಲವರು ಅದಕ್ಕೆ ಏಳು ಲಕ್ಷ ರೂಪಾಯಿ ದಂಡವನ್ನೂ ಸೇರಿಸುತ್ತಾರೆ. 2024ರ ಜನವರಿ ಮೊದಲ ದಿನಗಳಲ್ಲಿ ದೇಶದ ನಾನಾ ಕಡೆ ಲಾರಿ ಚಾಲಕರು ಗಾಡಿ ನಿಲ್ಲಿಸಿ ಇಳಿದಾಗ, ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲು ಬೆಳೆದಾಗ, ಬಾಯಿಂದ ಬಾಯಿಗೆ ಹರಿದಾಡಿದ ಲೆಕ್ಕ ಅದು. ಏಳು ಲಕ್ಷದ ಮಾತು ಹೊಸ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಎಲ್ಲಿಯೂ ಇಲ್ಲ. ದಂಡ ಎಂದಷ್ಟೇ ಇದೆ, ಮೊತ್ತ ಬರೆದಿಲ್ಲ. ಹತ್ತು ವರ್ಷದ ಮಾತು ಇದೆ. ಆದರೆ ಅದನ್ನು ಹೇಳುವ ಉಪಕಲಮನ್ನು ಸರ್ಕಾರ ತಡೆಹಿಡಿದು, ಉಳಿದ ಕಾನೂನನ್ನು ಮಾತ್ರ ಜಾರಿಗೆ ತಂದಿತು. ಹೀಗಾಗಿ ಓಡಿಹೋದದ್ದಕ್ಕೇ ಎಂದು ಪ್ರತ್ಯೇಕವಾಗಿ ಈಗ ಅನ್ವಯಿಸುವುದು ಮೋಟಾರು ವಾಹನ ಕಾಯ್ದೆಯ 187ನೇ ಸೆಕ್ಷನ್. ಮೊದಲ ಸಲಕ್ಕೆ ಗರಿಷ್ಠ ಆರು ತಿಂಗಳ ಸಜೆ, ಇಲ್ಲವೇ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಂದು ಕಡೆ ಜನರ ಕಲ್ಪನೆಯ ಹತ್ತು ವರ್ಷ, ಇನ್ನೊಂದು ಕಡೆ ಪುಸ್ತಕದ ಆರು ತಿಂಗಳು. ಈ ಅಂತರದ ನಡುವೆ ನಿಂತು ನೋಡಿದರೆ, ನಾವು ಶಿಕ್ಷೆಯ ಉದ್ದದ ಬಗ್ಗೆ ಜಗಳವಾಡುತ್ತ ಬೇರೊಂದು ಪ್ರಶ್ನೆಯನ್ನು ಕೈಬಿಟ್ಟಿದ್ದೇವೆ ಅನ್ನಿಸುತ್ತದೆ. ಡಿಕ್ಕಿಯಾದ ಮರುಕ್ಷಣ ಚಾಲಕನ ಕಾಲು ಬ್ರೇಕಿನ ಮೇಲೆ ಹೋಗಬೇಕೋ ಆಕ್ಸಿಲರೇಟರ್ ಮೇಲೋ ಎನ್ನುವುದನ್ನು ಕಾನೂನು ಹೇಗೆ ತೀರ್ಮಾನಿಸುತ್ತದೆ ಎನ್ನುವ ಪ್ರಶ್ನೆ ಅದು.

ಈ ಪ್ರಶ್ನೆಯನ್ನು ಇಟ್ಟು ನೋಡಲು ಅತ್ತಿಬೆಲೆಗಿಂತ ತಕ್ಕ ಜಾಗ ಕಡಿಮೆ. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44, ಅಂದರೆ ಹಳೆಯ ಏಳನೇ ನಂಬರಿನ ಹೈವೇ, ಕರ್ನಾಟಕವನ್ನು ಬಿಟ್ಟು ಹೊರಡುವುದು ಇಲ್ಲಿಂದ. ಸಿಲ್ಕ್ ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿವರೆಗಿನ ಸುಮಾರು ಹತ್ತು ಕಿಲೋಮೀಟರ್ ಮೇಲ್ಸೇತುವೆ 2010ರಲ್ಲಿ ತೆರೆಯಿತು. ಅದನ್ನು ಇಳಿದ ವಾಹನಗಳು ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರ ದಾಟಿ ಅದೇ ಓಟದಲ್ಲಿ ಅತ್ತಿಬೆಲೆಗೆ ಬರುತ್ತವೆ. ರಸ್ತೆಯ ಎರಡೂ ಬದಿಗೆ ಕಾರ್ಖಾನೆ, ಗೋದಾಮು, ಬಾಡಿಗೆ ಮನೆ. ಶಿಫ್ಟ್ ಬಿಟ್ಟ ಹೊತ್ತಿಗೆ ರಸ್ತೆ ದಾಟಬೇಕಾದ ಜನ. ನಮ್ಮ ಮೆಟ್ರೊದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರಕ್ಕೆ ಬಂದು ನಿಂತಿತು. ಅಲ್ಲಿಂದಾಚೆ ಮತ್ತೆ ಬಸ್ಸು, ಬೈಕು, ಇಲ್ಲವೇ ನಡಿಗೆ. ಟೋಲ್ ದಾಟಿ ಸ್ವಲ್ಪ ದೂರ ಹೋದರೆ ಜೂಜುವಾಡಿ, ಅಂದರೆ ತಮಿಳುನಾಡು. ಇನ್ನಷ್ಟು ಮುಂದಕ್ಕೆ ಹೊಸೂರು. ಒಂದು ಕಾಲಕ್ಕೆ ಲಾರಿಗಳು ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟಿನಲ್ಲಿ ಸಾಲುಗಟ್ಟಿ ಕಾಯಬೇಕಿತ್ತು. ಜಿಎಸ್‌ಟಿ ಬಂದು 2017ರ ಜುಲೈನಲ್ಲಿ ಅವು ಮುಚ್ಚಿದ ಮೇಲೆ ಸರಕು ಸಾಗಣೆಗೆ ಒಳ್ಳೆಯದೇ ಆಯಿತು, ಆದರೆ ಗಡಿಯಲ್ಲಿ ಗಾಡಿ ನಿಲ್ಲಲೇಬೇಕು ಎನ್ನುವ ಒಂದು ಕಾರಣ ಕಳೆದುಹೋಯಿತು. ರಾತ್ರಿ ಹನ್ನೊಂದಕ್ಕೆ ಸರ್ವಿಸ್ ರಸ್ತೆಯ ಅಂಚಿನಲ್ಲಿ ಒಬ್ಬನಿಗೆ ಗುದ್ದಿದ ವಾಹನ ಹನ್ನೊಂದೂಕಾಲಕ್ಕೆ ಇನ್ನೊಂದು ರಾಜ್ಯದಲ್ಲಿ, ಇನ್ನೊಂದು ಪೊಲೀಸ್ ಇಲಾಖೆಯ ಸರಹದ್ದಿನಲ್ಲಿ ಇರಬಹುದು. ಮರುದಿನದ ಪತ್ರಿಕೆಯಲ್ಲಿ ಅದು ‘ಅಪರಿಚಿತ ವಾಹನ’.

ಕಾನೂನು ಚಾಲಕನಿಂದ ಏನನ್ನು ಬಯಸುತ್ತದೆ ಎನ್ನುವುದು 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಸ್ಪಷ್ಟವಾಗಿಯೇ ಇದೆ. 132ನೇ ಸೆಕ್ಷನ್ ಪ್ರಕಾರ ಅಪಘಾತವಾದಾಗ ಪೊಲೀಸರು ಹೇಳಿದರೆ ಗಾಡಿ ನಿಲ್ಲಿಸಬೇಕು, ತೊಂದರೆಗೊಳಗಾದವರು ಕೇಳಿದರೆ ಹೆಸರು ವಿಳಾಸ ಕೊಡಬೇಕು. 133 ಮಾಲೀಕನ ಹೊಣೆ: ಆ ಹೊತ್ತು ಗಾಡಿ ಓಡಿಸುತ್ತಿದ್ದವರು ಯಾರೆಂದು ಪೊಲೀಸರು ಕೇಳಿದರೆ ಹೇಳಬೇಕು. 134 ಮುಖ್ಯವಾದದ್ದು. ಗಾಯಗೊಂಡವರನ್ನು ಹತ್ತಿರದ ವೈದ್ಯರ ಬಳಿಗೋ ಆಸ್ಪತ್ರೆಗೋ ಸೇರಿಸಲು ಸಾಧ್ಯವಿರುವ ಎಲ್ಲವನ್ನೂ ಮಾಡಬೇಕು; ಜನರ ಆಕ್ರೋಶದಿಂದಲೋ ಕೈಮೀರಿದ ಬೇರೆ ಕಾರಣದಿಂದಲೋ ಅದು ಆಗದಿದ್ದರೆ, ಏಕೆ ಆಗಲಿಲ್ಲ ಎಂಬುದನ್ನೂ ಸೇರಿಸಿ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ವರದಿ ಮಾಡಬೇಕು. ವಿಮಾ ಕಂಪನಿಗೂ ಬರೆದು ತಿಳಿಸಬೇಕು. ಇದಿಷ್ಟನ್ನು ಮೀರಿದವರಿಗೆ 187ರ ಶಿಕ್ಷೆ. 2019ರ ತಿದ್ದುಪಡಿಗೆ ಮುಂಚೆ ಅದು ಮೂರು ತಿಂಗಳು, ಐನೂರು ರೂಪಾಯಿ. ಈಗ ಆರು ತಿಂಗಳು, ಐದು ಸಾವಿರ. ಎರಡನೇ ಸಲ ಸಿಕ್ಕಿಬಿದ್ದರೆ ಒಂದು ವರ್ಷ, ಹತ್ತು ಸಾವಿರ.   

ಸಾವು ಸಂಭವಿಸಿದಾಗ ದಂಡ ಸಂಹಿತೆಯೂ ಸೇರಿಕೊಳ್ಳುತ್ತದೆ. ಹಳೆಯ ಐಪಿಸಿಯ 304ಎ ಅಡಿ ನಿರ್ಲಕ್ಷ್ಯದಿಂದ ಸಾವು ತಂದವರಿಗೆ ಗರಿಷ್ಠ ಎರಡು ವರ್ಷ. ಚಾಲಕ ಅಲ್ಲೇ ನಿಂತು, ಗಾಯಾಳುವನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದ್ದರೂ ಎರಡು ವರ್ಷ. ಕನ್ನಡಿಯಲ್ಲಿ ಒಮ್ಮೆ ನೋಡಿ ವೇಗ ಹೆಚ್ಚಿಸಿದ್ದರೂ ಅದೇ ಎರಡು ವರ್ಷ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಇದನ್ನು 106ನೇ ಸೆಕ್ಷನ್ನಿನಲ್ಲಿ ಎರಡಾಗಿ ಒಡೆಯಿತು. ಮೊದಲ ಭಾಗ, ಅಂದರೆ 106(1), ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ. ಠಾಣೆಯಲ್ಲೇ ಜಾಮೀನು ಸಿಗುವಂಥದ್ದು. ಎರಡನೆಯದು, 106(2), ಹಾಗೆ ಸಾವು ತಂದು, ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ಬೇಗನೆ ತಿಳಿಸದೆ ಪರಾರಿಯಾದ ಚಾಲಕನಿಗೆ ಹತ್ತು ವರ್ಷದವರೆಗೆ. ಇದಕ್ಕೆ ಜಾಮೀನು ಹಕ್ಕಲ್ಲ. ಮುಷ್ಕರ ಭುಗಿಲೆದ್ದದ್ದು ಈ ಎರಡನೇ ಭಾಗಕ್ಕೆ. 2024ರ ಜನವರಿ 2ರ ರಾತ್ರಿ ಕೇಂದ್ರ ಗೃಹ ಕಾರ್ಯದರ್ಶಿಯವರು ಅಖಿಲ ಭಾರತ ಮೋಟಾರ್ ಟ್ರಾನ್ಸ್‌ಪೋರ್ಟ್ ಕಾಂಗ್ರೆಸ್ ಜತೆ ಮಾತನಾಡಿ, ಸಮಾಲೋಚಿಸದೆ ಇದನ್ನು ಜಾರಿ ಮಾಡುವುದಿಲ್ಲ ಎಂದರು. ಫೆಬ್ರುವರಿಯ ಅಧಿಸೂಚನೆ ಇಡೀ ಸಂಹಿತೆಗೆ ದಿನಾಂಕ ಕೊಟ್ಟು 106(2)ನ್ನು ಮಾತ್ರ ಹೊರಗಿಟ್ಟಿತು. ಪರಿಣಾಮ ವಿಚಿತ್ರವಾಗಿದೆ. ನಿಂತವನ ಶಿಕ್ಷೆ ಎರಡರಿಂದ ಐದು ವರ್ಷಕ್ಕೆ ಏರಿತು. ಓಡಿದ್ದಕ್ಕೆ ಬೀಳಬೇಕಿದ್ದ ಹೆಚ್ಚುವರಿ ಶಿಕ್ಷೆ ಮಾತ್ರ ಅಲ್ಲೇ ಉಳಿಯಿತು. ಬರೇ ಲೆಕ್ಕಾಚಾರದ ಕಣ್ಣಿನಿಂದ ನೋಡಿದರೆ ಹೊಸ ಕಾನೂನು ಓಡುವ ಆಸೆಯನ್ನು ಹೆಚ್ಚಿಸಿದೆ: ಸಿಕ್ಕರೆ ಕಳೆದುಕೊಳ್ಳುವುದು ಮೊದಲಿಗಿಂತ ಜಾಸ್ತಿ, ಓಡಿದ್ದಕ್ಕೆ ಮೇಲಿಂದ ತೆರಬೇಕಾದದ್ದು ಮೊದಲಿನಷ್ಟೇ. ಗಾಯಾಳು ಬದುಕಿ ಉಳಿದರಂತೂ 106(2) ಜಾರಿಗೆ ಬಂದರೂ ಪ್ರಯೋಜನವಿಲ್ಲ. ಅದು ಸಾವಿಗೆ ಮಾತ್ರ. ಕಾಲು ಕಳೆದುಕೊಂಡ ಕಾರ್ಮಿಕನನ್ನು ರಸ್ತೆಯಲ್ಲಿ ಬಿಟ್ಟು ಹೋದವನಿಗೆ ಓಟದ ಶಿಕ್ಷೆ ಮತ್ತೆ ಅದೇ 187.

ಓಡಿಹೋಗುವುದನ್ನು ಬೇರೆಯದೇ ಅಪರಾಧವಾಗಿ ನೋಡಬೇಕೆ ಎಂದು ಕೇಳುವವರಿದ್ದಾರೆ. ಸಾವು ಆಗಿದ್ದು ಡಿಕ್ಕಿಯಿಂದ, ಓಟದಿಂದಲ್ಲವಲ್ಲ ಎನ್ನುವುದು ಅವರ ವಾದ. ಅದು ಪೂರ್ತಿ ನಿಜವಲ್ಲ. ಗಾಯವಾದ ಮೊದಲ ಒಂದು ತಾಸನ್ನು ಮೋಟಾರು ವಾಹನ ಕಾಯ್ದೆಯೇ ಗೋಲ್ಡನ್ ಅವರ್ ಎಂದು ಗುರುತಿಸಿದೆ, ಏಕೆಂದರೆ ಜೀವ ಉಳಿಯುವ ಸಾಧ್ಯತೆ ಆಗ ಅತಿ ಹೆಚ್ಚು. ರಾತ್ರಿ ಹೊತ್ತು ನಿರ್ಜನ ಸರ್ವಿಸ್ ರಸ್ತೆಯಲ್ಲಿ ಒಬ್ಬ ಬಿದ್ದಿದ್ದಾನೆ ಎನ್ನುವುದು ಆ ಕ್ಷಣಕ್ಕೆ ಗೊತ್ತಿರುವುದು ಅನೇಕ ಸಲ ಚಾಲಕನೊಬ್ಬನಿಗೇ. ಅವನು 108ಕ್ಕೆ ಕರೆ ಮಾಡದೆ ಹೋದರೆ ಆ ತಾಸು ಕತ್ತಲಲ್ಲಿ ಕಳೆದುಹೋಗುತ್ತದೆ. ಎರಡನೆಯದಾಗಿ, ಓಟ ಸಾಕ್ಷ್ಯವನ್ನು ಅಳಿಸುತ್ತದೆ. ಕುಡಿದಿದ್ದರೆ ಮರುದಿನದ ಹೊತ್ತಿಗೆ ರಕ್ತದಲ್ಲಿ ಏನೂ ಉಳಿದಿರುವುದಿಲ್ಲ. ಲೈಸೆನ್ಸ್ ಇಲ್ಲದ ಹುಡುಗ ಓಡಿಸುತ್ತಿದ್ದರೆ ಅವನ ಜಾಗಕ್ಕೆ ಲೈಸೆನ್ಸ್ ಇರುವ ಇನ್ನೊಬ್ಬ ಬಂದು ಕೂರಬಹುದು. ವಿಮೆ ಮುಗಿದಿದ್ದರೆ ಆ ಗಾಡಿ ರಸ್ತೆಗೇ ಇಳಿದಿರಲಿಲ್ಲ ಎನ್ನಬಹುದು. ಅಂದರೆ ತೀರಾ ಕೆಟ್ಟದಾಗಿ ನಡೆದುಕೊಂಡವನಿಗೇ ಓಟದ ಲಾಭ ಹೆಚ್ಚು. ಮಂಜಿನಲ್ಲಿ ಕಾಣದೆ ಗುದ್ದಿದ, ಕುಡಿಯದ, ಕಾಗದಪತ್ರ ಸರಿಯಿರುವ ಚಾಲಕ ನಿಂತು ಐದು ವರ್ಷದ ಕೇಸು ಎದುರಿಸುತ್ತಾನೆ. ಕುಡಿದವನು ಓಡಿ, ಬೆಳಗಾದ ಮೇಲೆ ಸಿಕ್ಕರೂ ಅಮಲಿನ ಮಾತೇ ಬಾರದಂತೆ ಅದೇ ಕೇಸು ಎದುರಿಸುತ್ತಾನೆ. ಓಟಕ್ಕೆ ತಕ್ಕ ಪ್ರತ್ಯೇಕ ಶಿಕ್ಷೆ ಇರಲೇಬೇಕು ಎನ್ನಲು ನನಗೆ ಇದೊಂದೇ ಕಾರಣ ಸಾಕು.

ಮೂರನೆಯ ನಷ್ಟದ ಬಗ್ಗೆ ಮುಷ್ಕರದ ಸದ್ದಿನಲ್ಲಿ ಯಾರೂ ಮಾತಾಡಲಿಲ್ಲ. ಅದು ಹಣದ್ದು. ಗುದ್ದಿದ ವಾಹನ ಯಾವುದೆಂದು ಗೊತ್ತಾದರೆ ಮೃತರ ಕುಟುಂಬ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ದುಡಿಯುವ ಮನುಷ್ಯನ ವಯಸ್ಸು, ಸಂಬಳ, ಅವಲಂಬಿತರನ್ನು ನೋಡಿ ಅಲ್ಲಿ ಪರಿಹಾರ ಹತ್ತಾರು ಲಕ್ಷಕ್ಕೆ ಹೋಗುವುದುಂಟು. ತಪ್ಪು ಯಾರದೆಂದು ಸಾಬೀತು ಮಾಡದೆಯೇ 164ನೇ ಸೆಕ್ಷನ್ ಅಡಿ ಸಾವಿಗೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೇಳಬಹುದು. ವಾಹನ ಗೊತ್ತಾಗದೇ ಹೋದರೆ ಸಿಗುವುದು ಹಿಟ್ ಅಂಡ್ ರನ್ ಪರಿಹಾರ ಯೋಜನೆಯ ಎರಡು ಲಕ್ಷ. ತೀವ್ರ ಗಾಯಕ್ಕೆ ಐವತ್ತು ಸಾವಿರ. ಅದೂ 2022ರ ಏಪ್ರಿಲ್ 1ರಿಂದ ಆದ ಏರಿಕೆ. ಅದಕ್ಕೆ ಮುಂಚೆ 25 ಸಾವಿರ ಮತ್ತು ಹನ್ನೆರಡೂವರೆ ಸಾವಿರ. ಅದೇ ರಸ್ತೆ, ಅದೇ ಗಾಯ, ಅದೇ ಮನೆ. ನಂಬರ್ ಪ್ಲೇಟ್ ಯಾರ ಕಣ್ಣಿಗಾದರೂ ಬಿತ್ತೇ ಇಲ್ಲವೇ ಎನ್ನುವುದರ ಮೇಲೆ ಒಂದು ಸಂಸಾರದ ಮುಂದಿನ ಇಪ್ಪತ್ತು ವರ್ಷ ತೀರ್ಮಾನವಾಗುತ್ತದೆ. ಓಡಿದ ಚಾಲಕ ತನ್ನ ಜೇಬಿನಿಂದ ಕೊಡಬೇಕಿದ್ದ ಹಣವೂ ಅಲ್ಲ ಅದು, ಬಹುಪಾಲು ವಿಮಾ ಕಂಪನಿ ಕೊಡಬೇಕಿದ್ದದ್ದು. ಗಾಡಿಗೆ ವಿಮೆ ಇದ್ದೂ ಅವನು ಓಡಿದನೆಂದರೆ, ತನಗೆ ಕವಡೆ ಲಾಭವಿಲ್ಲದೆ ಎದುರಿನವರ ಅನ್ನ ಕಿತ್ತುಕೊಂಡ ಹಾಗಾಯಿತು. ಇನ್ನು ನಂಬರ್ ಸಿಗದ ಪ್ರಕರಣಗಳಲ್ಲಿ ಅಪಘಾತವನ್ನೇ ಮಾಡದ ಯಾವುದೋ ವಾಹನವನ್ನು ‘ಹೊಂದಿಸಿ’ ನಿಲ್ಲಿಸುವ ದಂಧೆ ಬೇರೆ. ಅಂಥವು ನ್ಯಾಯಾಲಯಗಳ ಮುಂದೆ ಬಯಲಾಗಿ, ನಿಜವಾದ ಸಂತ್ರಸ್ತರ ಅರ್ಜಿಗಳನ್ನೂ ಅನುಮಾನದಿಂದ ನೋಡುವಂತೆ ಮಾಡಿವೆ.

ಆ ಎರಡು ಲಕ್ಷವಾದರೂ ತಲುಪುತ್ತದೆಯೆ? ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 67,387 ಹಿಟ್ ಅಂಡ್ ರನ್ ಅಪಘಾತಗಳಾದವು, 30,486 ಜನ ಸತ್ತರು. ಆ ವರ್ಷ ರಸ್ತೆಯಲ್ಲಿ ಸತ್ತವರು ಒಟ್ಟು 1,68,491. ಅಂದರೆ ಐದೂವರೆ ಸಾವಿಗೆ ಒಂದು ಹಿಟ್ ಅಂಡ್ ರನ್. 2022-23ರಲ್ಲಿ ಈ ಪರಿಹಾರ ಕೇಳಿ ದೇಶದಾದ್ಯಂತ ಬಂದ ಅರ್ಜಿಗಳು 205, ಇತ್ಯರ್ಥವಾದದ್ದು 95. ಈ ಅಂಕಿಗಳು ಎಸ್. ರಾಜಶೇಖರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಾಗ, 2024ರ ಜನವರಿ 12ರಂದು ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಪಂಕಜ್ ಮಿತ್ತಲ್ ಅವರ ಪೀಠ ಪೊಲೀಸರಿಗೇ ಹೊಣೆ ಹೊರಿಸಿತು: ಒಂದು ತಿಂಗಳಲ್ಲಿ ವಾಹನ ಪತ್ತೆಯಾಗದಿದ್ದರೆ, ಇಂಥ ಯೋಜನೆಯಿದೆ, ಅರ್ಜಿ ಹಾಕಿ ಎಂದು ಠಾಣಾಧಿಕಾರಿ ಗಾಯಾಳುವಿಗೆ ಇಲ್ಲವೇ ಮೃತರ ಕುಟುಂಬಕ್ಕೆ ಬರೆದು ತಿಳಿಸಬೇಕು. ಪರಿಹಾರದ ಮೊತ್ತವನ್ನು ವರ್ಷ ವರ್ಷ ಏರಿಸುವುದನ್ನು ಪರಿಶೀಲಿಸಿ ಎಂದೂ ಕೇಂದ್ರಕ್ಕೆ ಹೇಳಿತು. ಮುಷ್ಕರ ನಡೆದು ಹತ್ತು ದಿನವಾಗಿತ್ತಷ್ಟೆ; ಆದರೂ ಹತ್ತು ವರ್ಷದ ಶಿಕ್ಷೆಗೆ ಸಿಕ್ಕ ಪ್ರಚಾರದ ಕಾಲುಭಾಗ ಈ ತೀರ್ಪಿಗೆ ಸಿಗಲಿಲ್ಲ. ಅತ್ತಿಬೆಲೆಯಂಥ ಕಡೆ ಇದು ಇನ್ನೂ ತೊಡಕಿನದು. ಸತ್ತವನು ಒಡಿಶಾದಿಂದಲೋ ರಾಯಚೂರಿನಿಂದಲೋ ಬಂದ ಕಾರ್ಮಿಕನಾಗಿದ್ದರೆ ಮನೆಯವರು ಶವ ತೆಗೆದುಕೊಂಡು ಊರಿಗೆ ಹೊರಟಿರುತ್ತಾರೆ. ಅರ್ಜಿಯ ವಿಚಾರಣೆ ನಡೆಯಬೇಕಾದದ್ದು ತಾಲ್ಲೂಕಿನ ಕಂದಾಯ ಅಧಿಕಾರಿಯ ಮುಂದೆ, ಅಂದರೆ ಇಲ್ಲಿ ಆನೇಕಲ್. ಮಂಜೂರು ಮಾಡಬೇಕಾದವರು ಜಿಲ್ಲಾಧಿಕಾರಿ. ಆನೇಕಲ್ ತಾಲ್ಲೂಕು ಇರುವುದು ಬೆಂಗಳೂರು ನಗರ ಜಿಲ್ಲೆಯಲ್ಲಿ. ಅತ್ತಿಬೆಲೆ ಠಾಣೆ ಬಹುಕಾಲದಿಂದ ಗ್ರಾಮಾಂತರ ಪೊಲೀಸರ ಅಡಿಯಲ್ಲಿ. ಕಾಗದ ಇಲ್ಲಿಂದ ಅಲ್ಲಿಗೆ ತಾನಾಗಿ ನಡೆದು ಹೋಗುವುದಿಲ್ಲ. ಪತ್ತೆಯಾಗದ ಕೇಸಿಗೆ ‘ಸಿ ರಿಪೋರ್ಟ್’ ಹಾಕಿ ಮುಚ್ಚುವ ಹೊತ್ತಿಗೆ ಆ ಕುಟುಂಬವನ್ನು ಹುಡುಕಿ ಪತ್ರ ಕಳಿಸುವ ಕೆಲಸ ಒಬ್ಬರ ಮೇಜಿಗೆ ಸೇರಿದ್ದೆಂದು ಗೊತ್ತುಪಡಿಸದಿದ್ದರೆ ತೀರ್ಪು ತೀರ್ಪಾಗಿಯೇ ಉಳಿಯುತ್ತದೆ.

ಇಷ್ಟಾದ ಮೇಲೆ, ಹಾಗಾದರೆ ಹತ್ತು ವರ್ಷವನ್ನು ನಾಳೆಯೇ ಜಾರಿ ಮಾಡಿ ಎನ್ನಬೇಕಲ್ಲವೆ? ಇಲ್ಲಿ ನನ್ನ ವಾದ ತಿರುಗುತ್ತದೆ. ಡಿಕ್ಕಿಯಾದ ಮರುಕ್ಷಣ ಚಾಲಕನ ತಲೆಯಲ್ಲಿ ಓಡುವುದು ಶಿಕ್ಷೆಯ ಅವಧಿಯಲ್ಲ, ಸಿಕ್ಕಿಬೀಳುವ ಸಾಧ್ಯತೆ. ಯಾರಾದರೂ ನೋಡಿದರೆ? ಕ್ಯಾಮೆರಾ ಇದೆಯೆ? ಜನ ಸೇರುತ್ತಿದ್ದಾರೆಯೆ? ಸಿಗುವುದೇ ಇಲ್ಲ ಎಂದು ನಂಬಿದವನಿಗೆ ಆರು ತಿಂಗಳೂ ಒಂದೇ, ಹತ್ತು ವರ್ಷವೂ ಒಂದೇ. ಸಿಗಬಹುದು ಎಂಬ ಅಳುಕಿರುವವನಿಗೆ, ವಾಪಸು ಬರುವ ದಾರಿಯಿಲ್ಲದ ಹತ್ತು ವರ್ಷ ಇನ್ನಷ್ಟು ವೇಗ ಹೆಚ್ಚಿಸಲು ಕಾರಣವಾಗಬಹುದು; ಮೊದಲ ನೂರು ಮೀಟರ್ ಭಯದಿಂದ ಓಡಿದವನು, ಈಗ ತಿರುಗಿ ಹೋದರೂ ಅಷ್ಟೇ ಎಂದು ಮುಂದಿನ ನೂರು ಕಿಲೋಮೀಟರನ್ನು ಲೆಕ್ಕ ಹಾಕಿಯೇ ಓಡುತ್ತಾನೆ. ಜಪಾನಿನಲ್ಲಿ ತನ್ನ ಚಾಲನೆಯಿಂದ ಗಾಯಗೊಂಡವರನ್ನು ಬಿಟ್ಟು ಹೋದ ಚಾಲಕನಿಗೆ ಹತ್ತು ವರ್ಷದವರೆಗೆ ಶಿಕ್ಷೆಯಿದೆ, ನಮ್ಮ 106(2)ರಷ್ಟೇ. ಗಾಯವಾಗಿದ್ದರೂ ಸಾಕು, ಸಾವೇ ಆಗಬೇಕಿಲ್ಲ. ಆದರೆ ಅಲ್ಲಿ ಸಾವಿನ ಹಿಟ್ ಅಂಡ್ ರನ್‌ಗಳಲ್ಲಿ ಪತ್ತೆಯ ಪ್ರಮಾಣ ಶೇ 90ಕ್ಕೂ ಹೆಚ್ಚು. ಬಣ್ಣದ ಚೂರು, ಒಡೆದ ಹೆಡ್‌ಲೈಟಿನ ಗಾಜು, ಕ್ಯಾಮೆರಾ ಚಿತ್ರ ಹಿಡಿದು ಪೊಲೀಸರು ಬರುತ್ತಾರೆಂಬುದು ಚಾಲಕರಿಗೆ ಗೊತ್ತು. ಅವರ ಹತ್ತು ವರ್ಷಕ್ಕೆ ತೂಕ ಬಂದಿರುವುದು ಆ ಶೇಕಡಾವಾರಿನಿಂದ. ಬ್ರಿಟನ್ನಿನಲ್ಲಿ ನಿಲ್ಲದೆ, ತಿಳಿಸದೆ ಹೋದದ್ದಕ್ಕೆ ನಮ್ಮ 187ರ ಹಾಗೆ ಆರು ತಿಂಗಳೇ ಗರಿಷ್ಠ.

ಪತ್ತೆಗೆ ಬೇಕಾದ ಸಾಮಾನು ಹೊಸೂರು ರಸ್ತೆಯಲ್ಲಿ ಇಲ್ಲವೆಂದಲ್ಲ. 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ಅತ್ತಿಬೆಲೆ ಟೋಲ್ ದಾಟುವ ಪ್ರತಿಯೊಂದು ಲಾರಿ, ಬಸ್ಸು, ಕಾರು ತನ್ನ ನಂಬರನ್ನೂ ದಾಟಿದ ಹೊತ್ತನ್ನೂ ಅಲ್ಲಿ ಬಿಟ್ಟು ಹೋಗುತ್ತದೆ. ಹಳೆಯ ಚೆಕ್‌ಪೋಸ್ಟಿನ ದಪ್ಪ ಪುಸ್ತಕ ಮಾಡುತ್ತಿದ್ದ ಕೆಲಸವನ್ನು, ಅದಕ್ಕಿಂತ ನಿಖರವಾಗಿ, ಈ ಚೀಟಿ ಮಾಡುತ್ತದೆ. ಹೆದ್ದಾರಿಗಳಲ್ಲಿ ಎಲೆಕ್ಟ್ರಾನಿಕ್ ಕಣ್ಗಾವಲು ಇರಬೇಕೆಂದು 2019ರ ತಿದ್ದುಪಡಿ 136ಎ ಸೆಕ್ಷನ್ ಸೇರಿಸಿತು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಅಂಥ ಕ್ಯಾಮೆರಾಗಳು ವೇಗ ಮಿತಿ ಮೀರಿದವರಿಗೆ ನೋಟಿಸು ಕಳಿಸುತ್ತಿವೆ. ವೇಗದ ದಂಡ ವಸೂಲಿಗೆ ಕೆಲಸ ಮಾಡುವ ಯಂತ್ರ ಜೀವ ಹೋದಾಗ ಕೆಲಸ ಮಾಡದೇ ಇರಲು ಕಾರಣವಿಲ್ಲ. ಬೇಕಾಗಿರುವುದು ಕ್ರಮ: ಅಪಘಾತದ ಸುದ್ದಿ ಬಂದ ಕೂಡಲೇ, ಯಾರೂ ಅರ್ಜಿ ಬರೆದು ಕಾಯದೆ, ಆ ಅವಧಿಯಲ್ಲಿ ಟೋಲ್ ದಾಟಿದ ವಾಹನಗಳ ಪಟ್ಟಿ ಅತ್ತಿಬೆಲೆ ಠಾಣೆಗೂ ಗಡಿಯಾಚೆಯ ಹೊಸೂರು ಪೊಲೀಸರಿಗೂ ಹೋಗಬೇಕು. ಟೋಲ್ ತಪ್ಪಿಸಿ ಹಳ್ಳಿ ರಸ್ತೆ ಹಿಡಿದವನು ಇದರಿಂದ ಪಾರಾಗುತ್ತಾನೆ, ನಿಜ. ಆದರೆ ಇಪ್ಪತ್ತು ಟನ್ ಸರಕಿನ ಲಾರಿಗೆ ಹಳ್ಳಿ ರಸ್ತೆ ಅಷ್ಟು ಸುಲಭದ ಆಯ್ಕೆಯಲ್ಲ.

ಚಾಲಕರ ದೊಡ್ಡ ಆಕ್ಷೇಪ, ನಿಂತರೆ ಜನ ಹೊಡೆದು ಕೊಲ್ಲುತ್ತಾರೆ ಎನ್ನುವುದು. ಇದನ್ನು ನೆಪವೆಂದು ತಳ್ಳಿಹಾಕುವುದು ಸುಲಭ, ಪ್ರಾಮಾಣಿಕವಲ್ಲ. ಭಾಷೆ ಬಾರದ ಊರಿನಲ್ಲಿ, ಹೊರರಾಜ್ಯದ ನಂಬರ್ ಪ್ಲೇಟಿನ ಗಾಡಿಯಲ್ಲಿ, ರಸ್ತೆಯಲ್ಲಿ ರಕ್ತ ಕಂಡು ಸೇರುವ ಗುಂಪಿನ ಮುಂದೆ ಇಳಿಯುವುದು ಧೈರ್ಯದ ಕೆಲಸವೇ. ಹಾಗೆಂದೇ ಕಾನೂನು ಅದನ್ನು ಆಗಲೇ ಒಪ್ಪಿಕೊಂಡಿದೆ: 134ನೇ ಸೆಕ್ಷನ್ ಜನರ ಆಕ್ರೋಶವನ್ನು ಹೆಸರಿಸಿಯೇ ವಿನಾಯಿತಿ ಕೊಡುತ್ತದೆ. ಆ ವಿನಾಯಿತಿ ಸ್ಥಳ ಬಿಡುವುದಕ್ಕೆ, ಕಾಣೆಯಾಗುವುದಕ್ಕಲ್ಲ. 106(2) ಕೂಡ ಅಲ್ಲಿಯೇ ನಿಲ್ಲು ಎಂದು ಕೇಳುವುದಿಲ್ಲ, ಬೇಗನೆ ತಿಳಿಸು ಎನ್ನುತ್ತದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಸರಹದ್ದು ಯಾವುದೇ ಇರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಅತ್ತಿಬೆಲೆಯಲ್ಲಿ ಗುದ್ದಿ, ಹೆದರಿ, ಗಡಿ ದಾಟಿದವನು ಹೊಸೂರಿನ ಠಾಣೆಗೆ ಹೋದರೂ ಆಯಿತು. ಹೊರಡುವ ಮುಂಚೆಯೇ ಕ್ಯಾಬಿನ್ನಿನಲ್ಲಿ ಕುಳಿತು 112ಕ್ಕೆ ಒಂದು ಕರೆ ಮಾಡಿದರೆ ಹೊತ್ತು, ಜಾಗ, ನಂಬರ್ ಮೂರೂ ದಾಖಲಾಗುತ್ತವೆ. ತೊಂದರೆಯೆಂದರೆ ‘ಬೇಗನೆ’ ಎಂದರೆ ಎಷ್ಟು ಹೊತ್ತು, ಫೋನು ಮಾಡಿದರೆ ಸಾಕೆ ಎನ್ನುವುದನ್ನು ನ್ಯಾಯ ಸಂಹಿತೆ ಬಿಡಿಸಿ ಹೇಳಿಲ್ಲ. ಹಳೆಯ ಕಾಯ್ದೆಯ 24 ಗಂಟೆ ಒಂದು ಕಡೆ, ಹೊಸದರ ಅಸ್ಪಷ್ಟತೆ ಇನ್ನೊಂದು ಕಡೆ. ಹತ್ತು ವರ್ಷದ ಜೈಲನ್ನು ಬಿಡಿಸಿ ಹೇಳದ ಪದದ ಮೇಲೆ ನಿಲ್ಲಿಸಿದಾಗ ಚಾಲಕರು ಸಿಟ್ಟಾದದ್ದರಲ್ಲಿ ಅರ್ಥವಿತ್ತು.

ವಕೀಲರ ಕಡೆಯಿಂದ ಇನ್ನೊಂದು ಆಕ್ಷೇಪ ಬರುತ್ತದೆ: ತಾನೇ ಠಾಣೆಗೆ ಹೋಗಿ ಹೇಳು ಎನ್ನುವುದು ಸಂವಿಧಾನದ 20(3)ನೇ ವಿಧಿಗೆ, ಯಾರೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗಬೇಕಿಲ್ಲ ಎನ್ನುವುದಕ್ಕೆ, ವಿರೋಧವಲ್ಲವೆ? 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದೇ ಪ್ರಶ್ನೆಯನ್ನು ಕ್ಯಾಲಿಫೋರ್ನಿಯಾದ ಬೈಯರ್ಸ್ ಪ್ರಕರಣದಲ್ಲಿ ಎದುರಿಸಿ, ಅಪಘಾತದ ನಂತರ ನಿಂತು ಹೆಸರು ವಿಳಾಸ ಕೊಡುವುದು ತಪ್ಪೊಪ್ಪಿಗೆಯಲ್ಲ ಎನ್ನುವ ಕಡೆಗೆ ವಾಲಿತು. ನಮ್ಮಲ್ಲಿ 20(3)ರ ರಕ್ಷಣೆ ಆರೋಪಿಗೆ, ಆರೋಪಿಯಾದ ಮೇಲೆ. ಇಂಥ ಕಡೆ ಅಪಘಾತವಾಗಿದೆ, ಗಾಡಿ ನನ್ನದು ಎಂದು ತಿಳಿಸುವುದು ಬೇರೆ; ತಪ್ಪು ನನ್ನದೇ ಎಂದು ಬರೆದುಕೊಡುವುದು ಬೇರೆ. ಎರಡನೆಯದನ್ನು ಯಾವ ಕಾಯ್ದೆಯೂ ಕೇಳಿಲ್ಲ.

ಇದಕ್ಕೆ ಎದುರು ದಿಕ್ಕಿನಿಂದ ಬರುವ ಮಾತು ಸತ್ತವರ ಮನೆಯವರದು: ಇಷ್ಟೆಲ್ಲ ರಿಯಾಯಿತಿ ಯಾಕೆ, ಕಠಿಣ ಶಿಕ್ಷೆಯಾಗಲಿ. ಅವರ ನೋವಿಗೆ ಎದುರಾಡುವುದು ಕಷ್ಟ, ಆದರೆ ಶಿಕ್ಷೆಯ ಚರಿತ್ರೆ ಕಾಗದದ ಮೇಲಿನ ಅಂಕಿಗೂ ನ್ಯಾಯಾಲಯದಲ್ಲಿ ಬೀಳುವ ಶಿಕ್ಷೆಗೂ ಇರುವ ದೂರದ ಚರಿತ್ರೆ. ಕರ್ನಾಟಕದ ಒಂದು ಪ್ರಕರಣದಲ್ಲಿ ಸಾವಿಗೆ ಬರೇ ಸಣ್ಣ ದಂಡ ಹಾಕಿ ಬಿಟ್ಟದ್ದನ್ನು ಕಂಡು ಸುಪ್ರೀಂ ಕೋರ್ಟ್ 1987ರಲ್ಲಿ ಕಿಡಿಕಾರಿ, ಆರು ತಿಂಗಳ ಸಜೆ ವಿಧಿಸಬೇಕಾಯಿತು. ಕರ್ನಾಟಕದ್ದೇ ಸತೀಶ್ ಪ್ರಕರಣದಲ್ಲಿ, ಲಾರಿ ‘ಅತಿವೇಗ’ದಲ್ಲಿತ್ತು ಎಂದಷ್ಟಕ್ಕೇ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ ಎಂದು 1998ರಲ್ಲಿ ಅದೇ ಕೋರ್ಟು ಹೇಳಿತು. ನಮ್ಮ ಎಫ್‌ಐಆರ್‌ಗಳಲ್ಲಿ ‘ಅತಿವೇಗ ಮತ್ತು ಅಜಾಗರೂಕತೆ’ ಎನ್ನುವುದು ಇಂದಿಗೂ ಅಚ್ಚು ಹಾಕಿದಂತೆ ಬರುತ್ತದೆ. ಬ್ರೇಕಿನ ಗುರುತು, ದೂರ, ಬೆಳಕು ಇತ್ಯಾದಿ ಬರುವುದು ಕಡಿಮೆ. ಹಣವಂತರ ವಿಷಯಕ್ಕೆ ಬಂದರೆ, ದೆಹಲಿಯಲ್ಲಿ 1999ರ ಜನವರಿಯಲ್ಲಿ ಆರು ಜನರ ಸಾವಿಗೆ ಕಾರಣವಾಗಿ ನಿಲ್ಲದೆ ಹೋದ ಬಿಎಂಡಬ್ಲ್ಯು ಕಾರಿನ ಪ್ರಕರಣ ಕೊನೆಗಂಡದ್ದು 2012ರಲ್ಲಿ. ಅಪರಾಧವನ್ನು 304ನೇ ಸೆಕ್ಷನ್ನಿನ ಎರಡನೇ ಭಾಗಕ್ಕೆ ಏರಿಸಿದ ಸುಪ್ರೀಂ ಕೋರ್ಟ್, ಆಗಲೇ ಅನುಭವಿಸಿದ್ದ ಎರಡು ವರ್ಷದ ಸಜೆ ಸಾಕೆಂದು, ಮೇಲಿಂದ ಎರಡು ವರ್ಷದ ಸಮುದಾಯ ಸೇವೆ ಹಾಗೂ ಐವತ್ತು ಲಕ್ಷ ರೂಪಾಯಿಯನ್ನು ವಿಧಿಸಿತು. ಆ ಹಣ ವಾಹನ ಪತ್ತೆಯಾಗದ ಅಪಘಾತಗಳ ಸಂತ್ರಸ್ತರಿಗಾಗಿ. ಹದಿಮೂರು ವರ್ಷ ಕಾದು ಬಂದ ಆ ತೀರ್ಪಿನಲ್ಲಿ ನನಗೆ ಹಿಡಿಸಿದ್ದು ಆ ಕಡೆಯ ಸಾಲು ಮಾತ್ರ.

ಹಾಗಾದರೆ ಶಿಕ್ಷೆ ಹೇಗಿರಬೇಕು? ಏಣಿಯಂತೆ, ಓಡಿದವನು ಕಳೆದ ಹೊತ್ತಿಗೆ ತಕ್ಕಂತೆ ಏರಬೇಕು. ಜರ್ಮನಿಯ ದಂಡ ಸಂಹಿತೆ 142ನೇ ಸೆಕ್ಷನ್ನಿನಲ್ಲಿ ಸ್ಥಳ ಬಿಟ್ಟು ಹೋದದ್ದಕ್ಕೆ ಮೂರು ವರ್ಷದವರೆಗೆ ಶಿಕ್ಷೆ ಇಟ್ಟಿದೆ, ಸಾವು ಗಾಯ ಇರಲಿ, ಬರೇ ಆಸ್ತಿಗೆ ನಷ್ಟವಾಗಿದ್ದರೂ ಸರಿ. ಅದರ ಜತೆಗೇ, ಸಣ್ಣ ನಷ್ಟದ ಕೆಲವು ಪ್ರಕರಣಗಳಲ್ಲಿ 24 ಗಂಟೆಯೊಳಗೆ ತಾನಾಗಿ ಬಂದು ತಿಳಿಸಿದರೆ ಶಿಕ್ಷೆಯನ್ನು ತಗ್ಗಿಸುವ ಇಲ್ಲವೇ ಬಿಟ್ಟುಬಿಡುವ ಅಧಿಕಾರವನ್ನೂ ಕೊಟ್ಟಿದೆ. ಜೀವ ಹೋದಾಗ ಅಷ್ಟು ಔದಾರ್ಯ ಸಲ್ಲದು, ಆದರೆ ಬಾಗಿಲು ತೆರೆದಿಡುವ ಆ ಜಾಣತನವನ್ನು ತೆಗೆದುಕೊಳ್ಳಬಹುದು. ಒಂದು ತಾಸಿನೊಳಗೆ 112ಕ್ಕೆ ಕರೆ ಮಾಡಿದವನಿಗೆ ಓಟದ ಶಿಕ್ಷೆಯೇ ಬೇಡ, 106(1) ಸಾಕು. ದಿನದೊಳಗೆ ತಾನಾಗಿ ಬಂದವನಿಗೆ ಒಂದಿಷ್ಟು. ಪೊಲೀಸರು ಹುಡುಕಿ ತಂದವನಿಗೆ ಪೂರ್ತಿ. ಗಾಯದ ಪ್ರಕರಣಕ್ಕೂ ಇದೇ ಏಣಿ, ಮೆಟ್ಟಿಲು ಚಿಕ್ಕದು. ಕುಡಿದವನು ಅಮಲಿಳಿಯುವವರೆಗೆ ಅಡಗಿದ್ದು ದಿನ ತುಂಬುವ ಮುಂಚೆ ಬಂದು ರಿಯಾಯಿತಿ ಕೇಳುವುದಿಲ್ಲವೆ ಎಂದರೆ, ಕೇಳುತ್ತಾನೆ. ಅದಕ್ಕೇ ಪೂರ್ತಿ ರಿಯಾಯಿತಿ ಮೊದಲ ತಾಸಿಗೆ ಮಾತ್ರ, ಆ ಹೊತ್ತಿಗೆ ಬಂದವನ ರಕ್ತ ಇನ್ನೂ ಸಾಕ್ಷಿ ಹೇಳುತ್ತದೆ. ಮಾಲೀಕನೂ ಏಣಿಯ ಹೊರಗೆ ನಿಲ್ಲಬಾರದು. 2025ರವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ದಿನಕ್ಕೆ ಎಂಟು ತಾಸಿನ ಕೆಲಸ ಎನ್ನುತ್ತಿತ್ತು. ನಿದ್ದೆಗೆಟ್ಟ ಚಾಲಕನನ್ನು ಗಡುವಿನ ಸರಕಿನೊಂದಿಗೆ ಅಟ್ಟಿದವರು, ಆಮೇಲೆ 133ರಡಿ ಕೇಳಿದಾಗ ಯಾರು ಓಡಿಸುತ್ತಿದ್ದರೋ ಗೊತ್ತಿಲ್ಲ ಎನ್ನುವವರು, ಐದು ಸಾವಿರಕ್ಕೆ ಪಾರಾಗುವುದು ಚಾಲಕ ಓಡಿಹೋಗುವುದಕ್ಕಿಂತ ಕಡಿಮೆ ತಪ್ಪಲ್ಲ.

ಸಂಸತ್ತು ಇದನ್ನೆಲ್ಲ ಬರೆಯುವವರೆಗೆ ಎಲ್ಲ ಕೆಲಸಗಳೂ ಕಾಯಬೇಕಿಲ್ಲ. 134ನೇ ಸೆಕ್ಷನ್ ಇಂದಿಗೂ ಜೀವಂತವಾಗಿದೆ. ಗಾಯಾಳುವನ್ನು ಆಸ್ಪತ್ರೆಗೆ ತಂದವರಿಗೆ ತೊಂದರೆ ಕೊಡಬಾರದೆಂದು ಕರ್ನಾಟಕವೇ 2016ರಲ್ಲಿ ಕಾನೂನು ಮಾಡಿತು, ಆಮೇಲೆ ಕೇಂದ್ರದ ಕಾಯ್ದೆಗೆ 134ಎ ಬಂತು. ಗಾಯಾಳುವಿಗೆ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ 2025ರ ಮೇ ತಿಂಗಳಲ್ಲಿ ಅಧಿಸೂಚನೆಯಾಗಿದೆ. ಗುದ್ದಿದ ವಾಹನ ಸಿಗಲಿ ಬಿಡಲಿ ಮೊದಲ ದಿನಗಳ ಖರ್ಚಿಗೆ ಅದು ಆಸರೆ. ಟೋಲ್ ಗೇಟಿನಲ್ಲಿ ದರಪಟ್ಟಿ ತೂಗುಹಾಕುವಷ್ಟೇ ದೊಡ್ಡ ಬೋರ್ಡಿನಲ್ಲಿ ಕನ್ನಡ, ತಮಿಳು, ತೆಲುಗು, ಹಿಂದಿಯಲ್ಲಿ ಮೂರು ಸಂಗತಿ ಬರೆದರೆ ಸಾಕು: ಅಪಘಾತವಾದರೆ 112ಕ್ಕೆ ಕರೆ ಮಾಡಿ, ಜನರ ಭಯವಿದ್ದರೆ ಮುಂದಿನ ಠಾಣೆಗೆ ಹೋಗಿ, ಅದು ತಮಿಳುನಾಡಿನದ್ದಾದರೂ ಸರಿ, ಈ ಗೇಟು ನಿಮ್ಮ ನಂಬರನ್ನು ಬರೆದುಕೊಂಡಿದೆ. ಮೊದಲಿನ ಎರಡು ಸಾಲು ಈಗಿರುವ ಕಾನೂನಿನೊಳಗೇ ಇವೆ. ಮೂರನೆಯದು ಚಾಲಕರು ನಂಬುವ ಮಾತಾಗಬೇಕಾದರೆ ಟೋಲ್ ನಡೆಸುವವರ ಕಂಪ್ಯೂಟರಿಗೂ ಅತ್ತಿಬೆಲೆ ಠಾಣೆಗೂ ನಡುವೆ ಒಂದು ತಂತಿ ಬೇಕು, ಅದನ್ನು ಎಳೆಯಲು ಒಂದು ಸರ್ಕಾರಿ ಆದೇಶ ಬೇಕು.